ಕೂಸು ಹೊತ್ತವಳ ಓದು

(ಒಬ್ಬರು ಆಂಧ್ರದ ಹಿಂದೂಪುರ, ಮಡಕಶಿರ ಕಡೆಯ ಹಳ್ಳಿಗಳಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ಇನ್ನೊಬ್ಬ ಕಲ್ಯಾಣದುರ್ಗದ ಹತ್ತಿರದ ಹಳ್ಳಿಯಲ್ಲಿ ಶಾಲೆ ಬಿಟ್ಟ ಹುಡುಗ ಹುಡುಗಿಯರಿಗೆ ಸಂಜೆ ಪಾಠ ಹೇಳುವ ಯುವಕ. ಇಬ್ಬರ ಮನೆಮಾತೂ ಕನ್ನಡ. ಇಬ್ಬರ ಓದು, ಕಚೇರಿಯ ಬರವಣಿಗೆ ತೆಲುಗಿನಲ್ಲಿ.)

— ಅಮ್ಮಾ, ನನ್ನ ಸಂಜೆ ಪಾಠಕ್ಕೆ ಹುಡುಗರು ಬರ್ತಾರೆ. ಹತ್ತನೇ ತರಗತಿ ಫೇಲಾದವರು, ಇಂಟರ್ ಅರ್ಧಕ್ಕೆ ಬಿಟ್ಟವರು, ಓಪನ್ ಸ್ಕೂಲಿಗೆ ಪರೀಕ್ಷೆ ಕಟ್ಟಿದವರು. ಹುಡುಗಿಯರು ಹೆಸರು ಬರೆಸಿ ಹೋಗ್ತಾರೆ, ಆಮೇಲೆ ಕಾಣಿಸೋದಿಲ್ಲ. ಊರಲ್ಲಿ ಕೇಳಿದರೆ, ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನು ಹೊತ್ತು ಮುಳುಗಿದ ಮೇಲೆ ಕಳಿಸೋದಿಲ್ಲ ಅಂತಾರೆ.

— ಅದೂ ಇದ್ದೀತು. ಆದರೆ ಆ ಹೊತ್ತಿನಲ್ಲಿ ಅವರು ಏನು ಮಾಡ್ತಿರ್ತಾರೆ?

— ಮನೆಗೆಲಸ.

— ಅದನ್ನ ಸ್ವಲ್ಪ ಬಿಡಿಸಿ ನೋಡು. ಅವಳ ಸೊಂಟದ ಮೇಲೆ ತಮ್ಮನೋ ತಂಗಿಯೋ, ಹೆರಿಗೆಗೆ ಬಂದ ಅಕ್ಕನ ಮಗುವೋ ಇರುತ್ತೆ. ತಾಯಿ ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆಯೋಕೆ ಹೋಗಿರ್ತಾಳೆ. ನಮ್ಮ ಹಿಂದೂಪುರದ ಕಡೆ ಆದರೆ ಬೆಳಗ್ಗೆ ಗಾರ್ಮೆಂಟ್ಸ್ ವ್ಯಾನು ಹತ್ತಿದವಳು ಕತ್ತಲಾದ ಮೇಲೆ ಇಳೀತಾಳೆ. ಅಂಗನವಾಡಿ ಬಾಗಿಲು ಹಾಕಿದ ಮೇಲೆ ನಾಲ್ಕು ವರ್ಷದವನು ಮನೆಗೆ ಬರ್ತಾನೆ. ಎರಡು ವರ್ಷದ ಕೂಸಂತೂ ಬೆಳಗಿನಿಂದಲೂ ಮನೇಲೇ ಇರುತ್ತೆ, ಅದಕ್ಕೆ ಅಂಗನವಾಡಿಯಿಂದ ಬಾಲಾಮೃತ ಅನ್ನೋ ಆಹಾರದ ಪ್ಯಾಕೆಟ್ಟು ಬರುತ್ತೆ, ಇಡೀ ದಿನ ಇಟ್ಟುಕೊಳ್ಳುವ ಕೈ ಬರೋದಿಲ್ಲ. ಆ ಕೈ ನಿನ್ನ ವಿದ್ಯಾರ್ಥಿನಿಯದು.

— ಹಾಗಾದರೆ ನನ್ನ ಪಾಠದ ಸಮಸ್ಯೆ ನನ್ನ ಪಾಠದಲ್ಲಿಲ್ಲ.

— ಇಲ್ಲ. ಹದಿನಾರು ವರ್ಷದವಳ ಓದು, ಎರಡು ವರ್ಷದ ಕೂಸಿನ ಆರೈಕೆ, ಎರಡೂ ಒಂದೇ ಕೆಲಸ ಅಂತ ನನಗೆ ಅನ್ನಿಸ್ತಾ ಬಂದಿದೆ. ಸರ್ಕಾರ ಒಂದನ್ನು ಶಿಕ್ಷಣ ಇಲಾಖೆಗೆ ಕೊಟ್ಟಿದೆ, ಇನ್ನೊಂದನ್ನು ಮಹಿಳಾ ಮತ್ತು ಶಿಶು ಕಲ್ಯಾಣಕ್ಕೆ. ಯುವಜನರ ಕೌಶಲ್ಯ ಅನ್ನೋದು ಮೂರನೇ ಕಡೆ. ಮನೆಯಲ್ಲಿ ಮಾತ್ರ ಮೂರೂ ಒಬ್ಬಳ ಮೈಮೇಲೇ ಇವೆ.

— ಇದನ್ನ ಯಾರೂ ಮೊದಲೇ ಕಾಣಲಿಲ್ಲವೇ?

— ಕಂಡಿದ್ದರು. ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಅಂತ ಒಬ್ಬರು ಮಹಾತಾಯಿ. 1945ರಲ್ಲಿ ಬೋರ್ಡಿ ಅನ್ನೋ ಕಡಲತೀರದ ಊರಿನಲ್ಲಿ ಹಳ್ಳಿಮಕ್ಕಳಿಗೆ ಬಾಲಶಿಕ್ಷಣ ಶುರು ಮಾಡಿದರು, ಅನುತಾಯಿ ವಾಘ್ ಜತೆಗಿದ್ದರು. ಆಮೇಲೆ ವಾರ್ಲಿ ಜನರ ನಡುವೆ ಕೋಸಬಾಡ್ ಗುಡ್ಡಕ್ಕೆ ಹೋದರು. ಮಕ್ಕಳು ಶಾಲೆಗೆ ಬರದಿದ್ದಾಗ ಅವರ ಕೇರಿಯ ಅಂಗಳಕ್ಕೇ ಹೋಗಿ ಪಾಠ ನಡೆಸಿದರು. ಚಿಕ್ಕವರು ಬಂದರು. ಅವರ ಅಕ್ಕಂದಿರು ಬರೋದು ಹೇಗೆ? ಕೈಯಲ್ಲಿ ಕೂಸು. ಅದಕ್ಕೆ ಒಂದೇ ಆವರಣದಲ್ಲಿ ಕೂಸುಗಳಿಗೆ ಶಿಶುಪಾಲನಾ ಕೋಣೆ, ಪಕ್ಕದಲ್ಲಿ ಬಾಲವಾಡಿ, ಅದರಾಚೆ ಪ್ರಾಥಮಿಕ ಶಾಲೆ ಮಾಡಿದರು. ವಿಕಾಸವಾಡಿ ಅಂತ ಕರೆದರು. ಹೊತ್ತು ತಂದ ಕೂಸನ್ನು ಇಳಿಸಿ ಅಕ್ಕ ಪಾಠಕ್ಕೆ ಹೋಗಿ ಕೂತಳು. ಇದು ಯಾವ ದೊಡ್ಡ ಸಿದ್ಧಾಂತದಿಂದಲೂ ಬಂದದ್ದಲ್ಲ, ಬಾಗಿಲಲ್ಲಿ ನಿಂತು ಯಾರು ಬಂದಿಲ್ಲ ಅಂತ ಎಣಿಸಿದ್ದರಿಂದ ಬಂದದ್ದು. ತಾರಾಬಾಯಿ 1973ರಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ ಅಂಗನವಾಡಿಗಳನ್ನು ತೆರೆದ ಸರ್ಕಾರದ ಯೋಜನೆ ಐಸಿಡಿಎಸ್ ಬಂತು. ಅಂಗಳದ ಶಾಲೆಯನ್ನು ಅದು ತಗೊಂಡಿತು, ಕೂಸಿನ ಕೋಣೆಯನ್ನು ಬಿಟ್ಟುಬಿಟ್ಟಿತು.

— ಐಸಿಡಿಎಸ್ ನಮ್ಮ ಕಂಬದೂರಿನಲ್ಲೇ ಶುರುವಾಯಿತು ಅಂತ ಹಳಬರು ಹೇಳ್ತಾರೆ.

— ನಿಜ. 1975ರ ಅಕ್ಟೋಬರ್ 2ರಂದು ಇಡೀ ದೇಶದಲ್ಲಿ 33 ಕಡೆ ಮಾತ್ರ ಅದು ಶುರುವಾಯಿತು. ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರ, ಆಂಧ್ರದಲ್ಲಿ ಕಲ್ಯಾಣದುರ್ಗದ ಮಗ್ಗುಲಿನ ಈ ಕಂಬದೂರು. ಮಳೆ ಬಾರದ ಸೀಮೆ ಅಂತ ನಮ್ಮನ್ನು ಆರಿಸಿದರೋ ಏನೋ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ, ಅದೂ ಬೇಕಾದಾಗ ಬಾರದ್ದು. ಒಂದು ಕಡಲೆಕಾಯಿ ಬೆಳೆ ಕೈಕೊಟ್ಟರೆ ಗಂಡ ಹೆಂಡತಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗ್ತಾರೆ, ಮಕ್ಕಳು ಅಜ್ಜಿಯ ಹತ್ತಿರ. ಇಂಥ ಕಡೆ ಆರು ಸೇವೆ ಕೊಡ್ತೀವಿ ಅಂತ ಬಂದರು: ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸೋದು, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಶಾಲಾಪೂರ್ವ ಶಿಕ್ಷಣ. ಅನ್ನ, ಮೊಟ್ಟೆಗೆ ಲೆಕ್ಕ ಇದೆ, ತೂಕಕ್ಕೆ ರಿಜಿಸ್ಟರ್ ಇದೆ, ಈಗ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಇದೆ. ಮಗು ಇವತ್ತು ಯಾರ ಜತೆ ಮಾತಾಡಿತು, ಏನು ಕಟ್ಟಿ ಕೆಡವಿತು ಅನ್ನೋದಕ್ಕೆ ಕಾಲಂ ಇಲ್ಲ. ನಾನೂ ಮೇಲ್ವಿಚಾರಕಿಯಾಗಿ ಹೋದಾಗ ಮೊದಲು ಕೈ ಹಾಕ್ತಿದ್ದದ್ದು ಸ್ಟಾಕ್ ರಿಜಿಸ್ಟರಿಗೇ. ಕೇಳೋರು ಅದನ್ನೇ ಕೇಳ್ತಿದ್ದರು.

— ನಮ್ಮ ಅನಂತಪುರ ಜಿಲ್ಲೆಯಲ್ಲಿ ಶುರುವಾದದ್ದು ಇನ್ನೊಂದೂ ಇದೆ. ಉದ್ಯೋಗ ಖಾತ್ರಿಯ ನರೇಗಾ. 2006ರ ಫೆಬ್ರವರಿ 2, ಬಂಡ್ಲಪಲ್ಲಿ.

— ಒಳ್ಳೇ ಮಾತು ತೆಗೆದೆ. ಆ ಕಾಯ್ದೆಯ ಅನುಸೂಚಿಯಲ್ಲಿ ಒಂದು ಸಾಲು ಇತ್ತು, ಬಹಳ ಜನ ಓದಿರಲಿಲ್ಲ. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ತಾಯಂದಿರ ಜತೆ ಬಂದರೆ, ಕೂಲಿಗೆ ಬಂದ ಹೆಂಗಸರಲ್ಲೇ ಒಬ್ಬಳನ್ನು ಆ ಮಕ್ಕಳನ್ನು ನೋಡಿಕೊಳ್ಳಲು ನಿಲ್ಲಿಸಬೇಕು, ಅವಳಿಗೂ ಕೂಲಿ ಕೊಡಬೇಕು. ಗುಂಡಿ ತೋಡೋದಕ್ಕೆ ಎಷ್ಟೋ ಮಗು ನೋಡೋದಕ್ಕೂ ಅಷ್ಟೇ. ನಮ್ಮ ದೇಶದಲ್ಲಿ ಇದನ್ನು ಹೀಗೆ ನೇರವಾಗಿ ಕೂಲಿಯ ಕೆಲಸ ಅಂತ ಬರೆದದ್ದನ್ನು ನಾನು ಬೇರೆ ಕಡೆ ಹೆಚ್ಚು ಕಂಡಿಲ್ಲ.

— ನಡೆದದ್ದು ಕಡಿಮೆ.

— ನಡೆದ ಕಡೆಯೂ ಯಾರನ್ನು ನಿಲ್ಲಿಸ್ತಿದ್ದರು? ಗುದ್ದಲಿ ಎತ್ತೋಕಾಗದ ಮುದುಕಿಯನ್ನ. ಅವಳ ಪ್ರೀತಿಗೆ ಕಡಿಮೆ ಇರಲಿಲ್ಲ. ಆದರೆ ಎಂಟು ಮಕ್ಕಳನ್ನು ಒಂದು ಬೇವಿನ ಮರದ ಕೆಳಗೆ ಐದು ಗಂಟೆ ಹೊತ್ತು ಇಟ್ಟುಕೊಳ್ಳೋದು ಅವಳ ಮನೆಯ ಒಂದು ಮೊಮ್ಮಗುವನ್ನು ನೋಡಿದ ಹಾಗಲ್ಲ. ಕೂಲಿ ಕೊಡಬೇಕು ಅಂದ ಕಾಯ್ದೆ, ಅವಳಿಗೆ ಕಲಿಸಬೇಕು ಅನ್ನಲಿಲ್ಲ. ಗಡಿ ದಾಟಿ ಪಾವಗಡಕ್ಕೆ ಹೋದರೆ, ಕರ್ನಾಟಕದವರು 2023ರಲ್ಲಿ ಅಲ್ಲಿಂದ ಮುಂದಿನ ಹೆಜ್ಜೆ ಇಟ್ಟರು. ಕೂಸಿನ ಮನೆ ಅಂತ. 4,000 ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತ್ರಿ ಕೂಲಿಯವರ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ತೆರೆಯೋ ಯೋಜನೆ. ಊರಿನ ಹೆಂಗಸರನ್ನೇ ಆರಿಸಿ ತರಬೇತಿ ಕೊಟ್ಟು ಕೂರಿಸಿದರು. ಎಲ್ಲ ಕಡೆ ಚೆನ್ನಾಗಿ ನಡೆದಿದೆ ಅಂತ ನಾನು ಹೇಳೋದಿಲ್ಲ. ಆದರೆ ಕೂಸು ನೋಡೋಕೂ ಕಲಿಯಬೇಕು, ಕಲಿಸಬೇಕು ಅನ್ನೋದನ್ನ ಪಂಚಾಯಿತಿ ಮಟ್ಟದಲ್ಲಿ ಒಪ್ಪಿಕೊಂಡರಲ್ಲ, ಅದು ಸಣ್ಣ ಸಂಗತಿಯಲ್ಲ.

— ಅಮ್ಮಾ, ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ನಮ್ಮ ಅವ್ವ ಆರು ಮಕ್ಕಳನ್ನ ಸಾಕಿದಳು. ಅವಳಿಗೆ ಯಾರು ತರಬೇತಿ ಕೊಟ್ಟರು? ಅದರಲ್ಲಿ ಕಲಿಯೋದು ಏನಿದೆ?

— ನಿಮ್ಮ ಅವ್ವನಿಗೆ ಅವಳ ಅತ್ತೆ, ಅಜ್ಜಿ, ಪಕ್ಕದ ಮನೆಯವರು ಕಲಿಸಿದರು. ಎಣ್ಣೆ ನೀರು ಹಾಕೋದು, ಹೊಟ್ಟೆ ಉಬ್ಬರ ನೋಡೋದು, ಜೋಗುಳ ಹಾಡೋದು. ಅದೂ ತರಬೇತಿಯೇ, ಸರ್ಟಿಫಿಕೇಟ್ ಇರಲಿಲ್ಲ ಅಷ್ಟೆ. ಈಗ ಆ ಮನೆ ಒಡೆದಿದೆ. ಬೆಂಗಳೂರಿನ ಶೆಡ್ಡಿನಲ್ಲಿ ಹೆತ್ತವಳಿಗೆ ಅತ್ತೆಯೂ ಇಲ್ಲ, ಅಂಗಳವೂ ಇಲ್ಲ. ಅದು ಒಂದು. ಎರಡನೆಯದು, ಅಜ್ಜಿಗೆ ಗೊತ್ತಿಲ್ಲದ ಕೆಲವು ಇವೆ. ತೋಳಿನ ಸುತ್ತಳತೆ ಟೇಪು ಗೊತ್ತಲ್ಲ? ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಟೇಪಿನಲ್ಲಿ ಕೆಂಪು. ಆ ಮಗು ಆಟ ಆಡ್ತಾ ಇದ್ದರೂ ಅಪಾಯದಲ್ಲಿದೆ, ಅವತ್ತೇ ತೋರಿಸಬೇಕು. ಅಜ್ಜಿ, ‘ನಮ್ಮ ವಂಶವೇ ಸಣಕಲು’ ಅಂತಾಳೆ. ಒಂದೂವರೆ ವರ್ಷ ಆದರೂ ಹೆಜ್ಜೆ ಇಡದ ಮಗು, ಬೆನ್ನ ಹಿಂದೆ ತಟ್ಟೆ ಬಡಿದರೂ ತಿರುಗಿ ನೋಡದ ಮಗು, ಇವನ್ನ ‘ನಿಧಾನಕ್ಕೆ ಸರಿಹೋಗುತ್ತೆ’ ಅಂತ ಬಿಟ್ಟು ಐದು ವರ್ಷಕ್ಕೆ ಡಾಕ್ಟರ ಹತ್ತಿರ ಬಂದವರನ್ನ ನಾನು ನೋಡಿದ್ದೀನಿ. ಕಿವಿ ಕೇಳದ ಮಗುವಿಗೆ ಆ ವರ್ಷಗಳು ತಿರುಗಿ ಬರೋದಿಲ್ಲ.

ಇನ್ನು ಕಲಿಕೆಯ ವಿಚಾರ. ಮೂರು ವರ್ಷದ ಮಗುವಿನ ಕೈಗೆ ಬಳಪ ಕೊಟ್ಟು ಅಕ್ಷರ ತಿದ್ದಿಸಿದರೆ ಅಪ್ಪ ಅಮ್ಮನಿಗೆ ಖುಷಿ. ಖಾಸಗಿ ಶಾಲೆಯ ವ್ಯಾನು ಹಳ್ಳಿಯ ತನಕ ಬರುತ್ತೆ, ಅಲ್ಲಿ ಎ ಬಿ ಸಿ ಡಿ ಬರೆಸ್ತಾರೆ, ಅದಕ್ಕೆ ನಮ್ಮ ಅಂಗನವಾಡಿ ಟೀಚರೂ ಹೆದರಿ ಬರೆಸ್ತಾಳೆ. ಆ ಬೆರಳಿಗೆ ಇನ್ನೂ ಬಲ ಬಂದಿರೋದಿಲ್ಲ. ಹುಣಸೆ ಬೀಜ, ಹೊಂಗೆ ಬೀಜ, ಸೀತಾಫಲದ ಬೀಜ ಒಂದು ಮೊರದಲ್ಲಿ ಕಲಸಿ ಕೊಡು. ಮಗು ಬೇರೆ ಮಾಡುತ್ತೆ. ದೊಡ್ಡದು ಇತ್ತ, ಚಿಕ್ಕದು ಅತ್ತ. ಅದೇ ಅದರ ಲೆಕ್ಕ, ಅದೇ ಬೆರಳಿನ ವ್ಯಾಯಾಮ. ಆಗ ಟೀಚರ್ ಏನು ಮಾಡಬೇಕು? ಪಕ್ಕದಲ್ಲಿ ಕೂತು ‘ಇದನ್ನ ಯಾಕೆ ಇಲ್ಲಿಟ್ಟೆ?’ ಅಂತ ಕೇಳಿ, ಉತ್ತರ ಬರೋವರೆಗೆ ಕಾಯಬೇಕು. ನಾನು ಕಂಡ ಹಾಗೆ ಟೀಚರುಗಳಿಗೆ ಕಲಿಸೋಕೆ ಎಲ್ಲಕ್ಕಿಂತ ಕಷ್ಟವಾದದ್ದು ಆ ಕಾಯುವಿಕೆ. ಮೂವತ್ತು ಮಕ್ಕಳು, ಒಲೆಯ ಮೇಲೆ ಅನ್ನ, ಫೋನಿನಲ್ಲಿ ಆ್ಯಪ್ ಅಪ್‌ಲೋಡ್ ಆಗ್ತಿಲ್ಲ, ಅವಳು ಕಾಯೋದು ಹೇಗೆ ಹೇಳು.

— ತರಬೇತಿ ಕೊಡ್ತಾರಲ್ಲ?

— ಕೊಡ್ತಾರೆ. 2023ರಲ್ಲಿ ಕೇಂದ್ರದವರು ‘ಪೋಷಣ್ ಭೀ ಪಢಾಯಿ ಭೀ’ ಅಂತ ಶುರು ಮಾಡಿದರು, ಅದರ ಪಠ್ಯ ಚೆನ್ನಾಗಿದೆ, ಹುಟ್ಟಿನಿಂದ ಮೂರು ವರ್ಷದವರಿಗೆ ಬೇರೆ, ಮೂರರಿಂದ ಆರರವರಿಗೆ ಬೇರೆ. ಆದರೆ ಮೂರು ದಿನ ಸಭಾಂಗಣದಲ್ಲಿ ಕೂರಿಸಿ ಪರದೆಯ ಮೇಲೆ ತೋರಿಸಿದರೆ ಎಷ್ಟು ನಾಟೀತು? 2020ರ ಶಿಕ್ಷಣ ನೀತಿ ಪಿಯುಸಿ ಮುಗಿಸಿದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್, ಕಡಿಮೆ ಓದಿದವಳಿಗೆ ಒಂದು ವರ್ಷದ ಡಿಪ್ಲೊಮಾ ಅಂದಿತು. ಅದು ಸರಿಯಾದ ಅಳತೆ. ಇನ್ನೂ ಸರಿಯಾದದ್ದು, ನೋಡಿ ಕಲಿಯೋದು. ನಿನಗೆ ನಲಿ-ಕಲಿ ಗೊತ್ತಲ್ಲ?

— ಕರ್ನಾಟಕದ ಸರ್ಕಾರಿ ಶಾಲೆಯದು.

— ಅದರ ಬೇರು ಆಂಧ್ರದಲ್ಲಿದೆ, ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯಲ್ಲಿ. ಅಲ್ಲಿ ಗುಡ್ಡಗಾಡಿನ ಹಳ್ಳಿಗಳಲ್ಲಿ ಒಂದೇ ಕೋಣೆಯ ಶಾಲೆ, ಎಲ್ಲ ತರಗತಿಯ ಮಕ್ಕಳು ಒಟ್ಟಿಗೆ, ಕಾರ್ಡು ಹಿಡಿದು ತಮ್ಮ ತಮ್ಮ ವೇಗಕ್ಕೆ ಕಲೀತಿದ್ದರು. ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಅದನ್ನು ಕಣ್ಣಾರೆ ನೋಡಿ ಬಂದು, 1995ರಲ್ಲಿ ತಮ್ಮ ತಾಲ್ಲೂಕಿಗೆ, ತಮ್ಮ ಮಾತಿಗೆ ಒಗ್ಗಿಸಿಕೊಂಡರು. ಮೇಲಿನಿಂದ ಸುತ್ತೋಲೆ ಬಂದಿದ್ದರೆ ಅದು ಬೀರುವಿನಲ್ಲೇ ಇರುತ್ತಿತ್ತು. ಹೋಗಿ ನೆಲದ ಮೇಲೆ ಮಕ್ಕಳ ಜತೆ ಕೂತು ಬಂದದ್ದರಿಂದ ಉಳೀತು. ಅಂಗನವಾಡಿ ಟೀಚರಿಗೂ ಇದೇ ಬೇಕು. ಚೆನ್ನಾಗಿ ನಡೆಸೋ ಒಂದು ಕೇಂದ್ರಕ್ಕೆ ಹದಿನೈದು ದಿನ ಕಳಿಸಿ. ಸಾಕು.

— ಮಾತು ಅಂದಿರಿ. ತರಬೇತಿ ತೆಲುಗಿನಲ್ಲಿ, ಪುಸ್ತಕ ತೆಲುಗಿನಲ್ಲಿ, ಈಗ ಮೇಲೆ ಇಂಗ್ಲಿಷೂ. ಮಗು ಮನೆಯಿಂದ ಕನ್ನಡ ತರುತ್ತೆ.

— ಅಮರಾಪುರಂ, ಅಗಳಿ, ರೊಳ್ಳ, ಗುಡಿಬಂಡೆಗಳ ಹಳ್ಳಿಗಳಲ್ಲಿ ಅದೇ ಸ್ಥಿತಿ. ಅಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಸೌಕರ್ಯ ಒದಗಿಸಬೇಕು ಅನ್ನುತ್ತೆ. ಮೂರು ವರ್ಷದ ಮಗು ಪ್ರಾಥಮಿಕಕ್ಕಿಂತ ಕೆಳಗಿದೆ, ಹಾಗಾಗಿ ವಿಧಿಗೆ ಕಾಣಿಸೋದಿಲ್ಲ. ಅತ್ಯಂತ ಚಿಕ್ಕ ಮಗುವಿಗೇ ತನ್ನ ಮಾತು ಅತ್ಯಂತ ಹೆಚ್ಚು ಬೇಕಾಗಿರೋದು! ‘ಹೊಟ್ಟೆ ನೋಯ್ತದೆ’ ಅಂತ ಮಗು ಹೇಳಿದರೆ ಟೀಚರಿಗೆ ಅರ್ಥವಾಗಬೇಕಲ್ಲ. ನಮ್ಮ ಕಡೆಯ ಪುಣ್ಯ, ಆರಿಸಿದ ಟೀಚರು ಅದೇ ಊರಿನವಳು, ಎರಡೂ ಮಾತು ಬಲ್ಲವಳು. ಹಾಡು ಕನ್ನಡದಲ್ಲಿ, ರಿಜಿಸ್ಟರ್ ತೆಲುಗಿನಲ್ಲಿ ನಡೆಸ್ತಾಳೆ. ಅವಳ ಆ ಸಾಮರ್ಥ್ಯವನ್ನ ಯಾವ ತರಬೇತಿಯಲ್ಲೂ ಹೆಸರಿಸಿದ್ದು ನಾನು ಕೇಳಲಿಲ್ಲ. ನಿಮ್ಮ ಕಲ್ಯಾಣದುರ್ಗ ಸೀಮೆಯಲ್ಲೇ, ರಾಳ್ಲಪಲ್ಲಿಯಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿ, ಕನ್ನಡದಲ್ಲೂ ಬರೆದು ದೊಡ್ಡವರಾದರು. ಎರಡು ಮಾತು ಅವರಿಗೆ ಭಾರವಾಗಲಿಲ್ಲ. ನಮ್ಮ ಟೀಚರಿಗೂ ಇಲ್ಲ. ಅವಳ ಕೈಗೆ ಎರಡೂ ಮಾತಿನ ಹಾಡು, ಕತೆ, ಚಿತ್ರಪುಸ್ತಕ ಬೇಕು.

— ಈಗ ನನ್ನ ಹುಡುಗಿಯರ ಕಡೆ ಬರೋಣ. ನೀವು ಹೇಳೋದು, ಅವರಿಗೇ ಶಿಶುಪಾಲನೆ ಕಲಿಸು ಅಂತಲಾ? ಅಲ್ಲೇ ನನಗೆ ಸಂಕಟ. ಕೂಸು ಹೊತ್ತು ಓದು ಬಿಟ್ಟವಳಿಗೆ, ನೀನು ಕೂಸು ಹೊರೋದನ್ನೇ ಚೆನ್ನಾಗಿ ಕಲಿ ಅಂದ ಹಾಗಾಗುತ್ತೆ. ಅವಳು ನರ್ಸಾಗಬೇಕು ಅಂತಾಳೆ, ಪೊಲೀಸ್ ಆಗಬೇಕು ಅಂತಾಳೆ.

— ಆಗಲಿ! ಅವಳು ಪೊಲೀಸ್ ಆಗಬೇಕಾದರೆ ಇವತ್ತು ಆ ಕೂಸನ್ನು ಇನ್ನೊಬ್ಬರು ಹಿಡೀಬೇಕು. ಆ ಇನ್ನೊಬ್ಬರು ಕಲಿತವರಾಗಿರಬೇಕು, ಸಂಬಳ ಪಡೆಯೋರಾಗಿರಬೇಕು ಅಂತ ನಾನು ಹೇಳೋದು. ಯುವಜನರಿಗೆ ಡ್ರೈವಿಂಗ್ ಕಲಿಸ್ತೀವಿ, ಮೊಬೈಲ್ ರಿಪೇರಿ, ಹೊಲಿಗೆ, ಬ್ಯೂಟಿ ಪಾರ್ಲರ್ ಕಲಿಸ್ತೀವಿ. ಶಿಶುಪಾಲನೆ ಆ ಪಟ್ಟಿಯಲ್ಲಿ ಕಾಣೋದೇ ಅಪರೂಪ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ 50 ಅಥವಾ ಹೆಚ್ಚು ಜನ ದುಡಿಯೋ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಅಂದಿತು. ಹಿಂದೂಪುರದ ಸುತ್ತ ಎಷ್ಟು ಕಾರ್ಖಾನೆ ಇವೆ ನೋಡು. ಅಲ್ಲಿ ಆ ಕೋಣೆಗಳನ್ನು ತೆರೆಸಿ ನಡೆಸೋಕೆ ಕಲಿತವರು ಬೇಕು. ಅದು ಒಂದು ಕೆಲಸ, ಇಷ್ಟ ಇದ್ದವರು ಆರಿಸ್ಕೊಳ್ಳೋ ಕೆಲಸ.

— ಇಷ್ಟ ಇದ್ದವರು ಅಂದರೆ ಹುಡುಗಿಯರೇ ಆಗಿಬಿಡ್ತಾರೆ.

— ಅದನ್ನ ತಪ್ಪಿಸೋದು ನಿನ್ನ ಕೈಯಲ್ಲಿದೆ. ನಿನ್ನ ಹುಡುಗರನ್ನೂ ಕೂರಿಸು. ಹದಿಹರೆಯದವರಿಗೆ ಅಂತ ಬಂದ ಸಬಲಾ ಯೋಜನೆ 2010ರಲ್ಲಿ ಶುರುವಾಯಿತು, 11ರಿಂದ 18ರ ಹುಡುಗಿಯರು ಅಂಗನವಾಡಿಯಲ್ಲಿ ಸೇರೋದು, ಆರೋಗ್ಯ, ಮಕ್ಕಳ ಆರೈಕೆ ಎಲ್ಲ ತಿಳಿಯೋದು. ಒಳ್ಳೇ ಯೋಜನೆಯಾಗಿತ್ತು. ಅಪ್ಪ ಆಗೋ ಹುಡುಗರು ಮಾತ್ರ ಹೊರಗೆ ಕಟ್ಟೆ ಮೇಲೆ ಕೂತಿರ್ತಿದ್ದರು.

— ಹುಡುಗರು ನಗ್ತಾರೆ.

— ಮೊದಲ ವಾರ ನಗ್ತಾರೆ. ಅವರಿಗೆ ಟೇಪು ಕೊಟ್ಟು ಮಕ್ಕಳ ತೋಳು ಅಳೆಸು, ಆಟಿಕೆ ಮಾಡಿಸು. ಮರ, ತಗಡು, ಹಳೇ ಟೈರಿನಲ್ಲಿ ಕೈ ಚೆನ್ನಾಗಿ ಓಡೋರು ಅವರಲ್ಲಿ ಬೇಕಾದಷ್ಟು ಜನ ಇರ್ತಾರೆ. ಆರ್‌ಡಿಟಿ ಸಂಸ್ಥೆಯವರ ಪೂರಕ ಶಾಲೆಗಳು ನಿನಗೆ ಗೊತ್ತಲ್ಲ?

— ಗೊತ್ತಿಲ್ಲದೆ! ಆ ಸಂಸ್ಥೆ ಕಟ್ಟಿದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದದ್ದು ನಮ್ಮಪ್ಪನಿಗೆ ಅಜ್ಜ ಹೇಳ್ತಿದ್ದ ಕತೆ. ಪರಿಶಿಷ್ಟರ ಕೇರಿಯಲ್ಲಿ ಬೆಳಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು ಪಾಠ. ನಡುವೆ ಸರ್ಕಾರಿ ಶಾಲೆ.

— ಆ ಪಾಠ ಹೇಳಿದವರು ಯಾರು? ಊರಲ್ಲೇ ಒಂದಿಷ್ಟು ಓದಿದ ಹುಡುಗ ಹುಡುಗಿಯರು. ಅಕ್ಷರವೇ ಹೊಗದ ಮನೆಗಳಿಂದ ಡಿಗ್ರಿಯವರು ಬಂದದ್ದು ಅಂಥ ದೀಪದ ಕೆಳಗಿನಿಂದ. ಊರಿನ ಯುವಕರು ಊರಿನ ಮಕ್ಕಳಿಗೆ ಕಲಿಸಬಲ್ಲರು ಅನ್ನೋದಕ್ಕೆ ನಮ್ಮ ಜಿಲ್ಲೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ. ಅದನ್ನೇ ಇನ್ನೂ ಚಿಕ್ಕ ಮಕ್ಕಳ ತನಕ ಇಳಿಸಬೇಕು.

— ಸಂಬಳದ ಮಾತು ಅಂದಿರಲ್ಲ, ಅದನ್ನ ಬಿಟ್ಟರೆ ಈ ಮಾತೆಲ್ಲ ನಿಲ್ಲೋದಿಲ್ಲ ಅಮ್ಮಾ. ನಮ್ಮ ಊರ ಟೀಚರಿಗೆ 2023ರಲ್ಲಿ ತಿಂಗಳ ಗೌರವಧನ 11,500 ರೂಪಾಯಿ ಇತ್ತು. ಆಯಮ್ಮನಿಗೆ 7,000. ಆ ಡಿಸೆಂಬರಿನಲ್ಲಿ ಮುಷ್ಕರ ಕೂತಾಗ ನಾನು ಅವರ ಡೇರೆಗೆ ನೀರು ಒಯ್ಯುತ್ತಿದ್ದೆ. 42 ದಿನ. ಅಗತ್ಯ ಸೇವೆಗಳ ಕಾಯ್ದೆ ಎಸ್ಮಾ ಕೂಡ ಹೇರಿದರು. ಇದನ್ನೆಲ್ಲ ಕಂಡ ಹುಡುಗಿ ಈ ಕಸುಬಿಗೆ ಯಾಕೆ ಬರ್ತಾಳೆ?

— ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಗೌರವಧನ ಅಂತ ಕರೆದು ಕಾರ್ಮಿಕಳಲ್ಲ ಅಂತ ಹೇಳೋದು ಅನ್ಯಾಯ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕು ಅಂತ ತೀರ್ಪು ಕೊಟ್ಟಿತು. ಇದು ಸೇವೆ ಅಲ್ಲ, ಉದ್ಯೋಗ ಅಂತ ಹೇಳಿದ ಹಾಗೇ ಅದು. ನಾನು ತರಬೇತಿಯ ಮೇಲೆ ಇಷ್ಟು ಒತ್ತು ಕೊಡೋದಕ್ಕೆ ಅದೂ ಒಂದು ಕಾರಣ. ಆರು ತಿಂಗಳು ಕಲಿತು ಪರೀಕ್ಷೆ ಪಾಸಾದವಳನ್ನ ಕೂಡಿಸಿಕೊಂಡು, ‘ಹೆಂಗಸರು ಹೇಗೂ ಮಾಡೋ ಕೆಲಸ ತಾನೇ’ ಅಂತ ಹೇಳೋದು ಕಷ್ಟ ಆಗುತ್ತೆ.

— ಅಸಾಧ್ಯ ಆಗೋದಿಲ್ಲ.

— ಇಲ್ಲ. ಅದಕ್ಕೆ ಸಂಘ ಬೇಕು, ಮುಷ್ಕರವೂ ಬೇಕಾಗುತ್ತೆ. ಅದನ್ನ ನಾನು ಅಲ್ಲಗಳೆಯೋದಿಲ್ಲ.

— ಸರಿ, ನಮ್ಮೂರಿನಲ್ಲಿ ಈಗಲೇ ಆಗೋದು ಏನಾದರೂ ಇದ್ದರೆ ಹೇಳಿ. ಕಡಲೆಕಾಯಿ ಕೀಳೋದು ಅಕ್ಟೋಬರಿನಲ್ಲಿ ಶುರು. ಆ ಎರಡು ತಿಂಗಳು ನನ್ನ ಪಾಠ ಅರ್ಧ ಖಾಲಿ ಇರುತ್ತೆ.

— ಆ ಎರಡು ತಿಂಗಳು ಅಂಗನವಾಡಿ ಪಕ್ಕದ ಸಮುದಾಯ ಭವನವನ್ನ ಸಂಜೆ ಏಳರ ತನಕ ತೆರೀರಿ. ಟೀಚರಮ್ಮನ ಮೇಲೆ ಹಾಕಬೇಡಿ, ಅವಳ ದಿನ ಮುಗಿದಿದೆ. ಇಬ್ಬರು ಹೆಂಗಸರನ್ನ, ಸಾಧ್ಯವಾದರೆ ಒಬ್ಬ ಹುಡುಗನನ್ನೂ ಆರಿಸು. ಸೆಪ್ಟೆಂಬರಿನಲ್ಲಿ ಅವರನ್ನ ನಮ್ಮ ಕಡೆ ಕಳಿಸು, ಇಬ್ಬರು ಹಳೇ ಟೀಚರುಗಳು ಇನ್ನೂ ಗಟ್ಟಿಯಾಗಿದ್ದಾರೆ, ಅವರ ಜತೆ ಇದ್ದು ನೋಡಲಿ. ಮೂರು ವರ್ಷದೊಳಗಿನವರು ಆರೇಳು ಮಕ್ಕಳಿಗಿಂತ ಹೆಚ್ಚು ಬೇಡ.

— ಅವರಿಗೆ ಕೂಲಿ?

— ಹೊಲದ ಹೆಣ್ಣಾಳಿನ ದಿನಗೂಲಿ ಎಷ್ಟಿದೆಯೋ ಅಷ್ಟು. ಅದಕ್ಕೆ ಒಂದು ಪೈಸೆ ಕಡಿಮೆ ಮಾಡಿದರೂ ನಾನು ಈ ಕೆಲಸಕ್ಕೆ ಬರೋದಿಲ್ಲ.

— ಪಂಚಾಯಿತಿ ಕೊಡೋದಿಲ್ಲ ಅಂತ ಈಗಲೇ ಹೇಳಬಲ್ಲೆ.

— ಹಾಗಾದರೆ ಗ್ರಾಮಸಭೆಯಲ್ಲಿ ಮಹಿಳಾ ಸಂಘದವರ ಮುಂದೆ ಕೇಳು. ಕೂಸಿನಿಂದಾಗಿ ಹೊಲಕ್ಕೆ ಹೋಗಲಾಗದ ತಾಯಂದಿರು ಎಷ್ಟು ಜನ, ಅವರ ಕೂಲಿ ಎಷ್ಟು ತಪ್ಪಿತು, ಓದು ಬಿಟ್ಟ ಹುಡುಗಿಯರು ಎಷ್ಟು ಜನ, ಮನೆ ಮನೆ ಬರೆದುಕೊಂಡು ಹೋಗು. ಆ ಬರವಣಿಗೆಯನ್ನ ನಿನ್ನ ಸಂಜೆ ಪಾಠದ ಹುಡುಗರ ಕೈಲೇ ಮಾಡಿಸು. ಎರಡು ಮಾತಿನಲ್ಲೂ ಬರೆಸು, ತಾಯಂದಿರು ಹೇಳಿದ್ದು ಅವರಿಗೇ ಓದಿ ಕೇಳಿಸೋಕೆ ಬರಬೇಕು.